ಕುರಿಯ ಮೇವು, ಹೊಲದ ಸಾರ

ರಜೆಯಲ್ಲಿ ಊರಿಗೆ ಹೋದಾಗ ಬಯಲು ಹೊಲಗಳಲ್ಲಿ ಕುರಿಹಿಂಡು ತಂಗಿರುವುದನ್ನು ನಾವು ಕಂಡಿದ್ದೇವೆ. ಗೊಬ್ಬರದ ಆಸೆಯಿಂದ ರೈತನು ಕುರುಬನಿಗೆ ಧಾನ್ಯವನ್ನೋ ಹಣವನ್ನೋ ಕೊಡುತ್ತಾನೆ. ಆ ಗೊಬ್ಬರದ ಮುಖ್ಯ ಸತ್ವಗಳಲ್ಲೊಂದು ಸಾರಜನಕ. ಅದು ಎಷ್ಟು, ಯಾವ ರೂಪದಲ್ಲಿ ಹೊರಬೀಳುವುದೆಂಬುದು ಕುರಿ ತಿಂದ ಮೇವನ್ನು ಅವಲಂಬಿಸಿದೆ.

ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 16 ಪಾಲು ಸಾರಜನಕವಿರುತ್ತದೆ. ಕುರಿಯ ಜಠರದ ನಾಲ್ಕು ಕೋಣೆಗಳಲ್ಲಿ ಮೊದಲನೆಯದರಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳಿವೆ. ಅವು ಮೇವಿನ ಪ್ರೋಟೀನನ್ನು ಒಡೆದು ಅಮೋನಿಯಾ ಮಾಡುತ್ತವೆ. ಅದರಿಂದ ತಮ್ಮ ಶರೀರವನ್ನು ಕಟ್ಟಿಕೊಂಡು, ಕಡೆಗೆ ತಾವೇ ಕುರಿಗೆ ಆಹಾರವಾಗುತ್ತವೆ. ಮಿಕ್ಕ ಅಮೋನಿಯಾ ರಕ್ತದಲ್ಲಿ ಸೇರಿ, ಯಕೃತ್ತಿನಲ್ಲಿ ಯೂರಿಯಾ ಆಗಿ ಮಾರ್ಪಡುತ್ತದೆ. ಮಳೆಗಾಲದ ಎಳೆಹುಲ್ಲಿನಲ್ಲಿ ಪ್ರೋಟೀನು ಹೇರಳ. ಆಗ ಈ ಯೂರಿಯಾ ಮೂತ್ರದಲ್ಲಿ ಧಾರಾಳವಾಗಿ ಹೋಗುತ್ತದೆ.

ಬೇಸಗೆಯ ಒಣಹುಲ್ಲಿನಲ್ಲಿ ಪ್ರೋಟೀನು ಅಲ್ಪ. ಆಗ ಕುರಿಯ ಶರೀರವು ಮಿತವ್ಯಯಿಯಾಗುತ್ತದೆ. ಮೂತ್ರಪಿಂಡಗಳು ಯೂರಿಯಾವನ್ನು ತಡೆಹಿಡಿಯುತ್ತವೆ. ಅದು ಜೊಲ್ಲಿನ ಮೂಲಕವೂ ಜಠರದ ಗೋಡೆಯ ಮೂಲಕವೂ ಮರಳಿ ಸೂಕ್ಷ್ಮಜೀವಿಗಳಿಗೇ ಸಲ್ಲುತ್ತದೆ. ಹಿಕ್ಕೆಯಲ್ಲಿನ ಸಾರಜನಕ ಮಾತ್ರ ಮೂತ್ರದಲ್ಲಿನಷ್ಟು ಏರಿಳಿಯದು.

ಇದರಿಂದ ರೈತನಿಗೇನು? ಹಿಕ್ಕೆಯ ಸಾರ ಮೆಲ್ಲನೆ ಮಣ್ಣಿಗಿಳಿಯುತ್ತದೆ. ಮೂತ್ರದ ಯೂರಿಯಾ ಬೇಗನೆ ಅಮೋನಿಯಾ ಆಗಿ ಗಾಳಿಗೆ ಹಾರುತ್ತದೆ. ಆದುದರಿಂದ ಹಿಂಡು ಎದ್ದ ಬಳಿಕ ತಡಮಾಡದೆ ಉಳುವವನೇ ಜಾಣ. ಅವನು ಕೊಟ್ಟ ಧಾನ್ಯ ಪೈರಾಗಿ ಮರಳಿ ಬರುತ್ತದೆ.