ಮುಂದಿನ ತಾರೀಖು

ಉತ್ತರ ಕರ್ನಾಟಕದ ಒಂದು ದೊಡ್ಡ ಊರು. ಆಸ್ಪತ್ರೆಯೊಂದರ ಹಿಂಬದಿಯ ಓಣಿಯಲ್ಲಿ ಔಷಧಿ ಅಂಗಡಿಗಳ ಸಾಲು ಮುಗಿದ ಮೇಲೆ ಎರಡಂತಸ್ತಿನ ಹಳೇ ಮನೆ. ಗೇಟಿನ ಫಲಕ ತೀರಾ ಚಿಕ್ಕದು. ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಕೇಳಿಕೊಂಡೇ ಒಳಗೆ ಹೋದೆ. ಥಲಸ್ಸೇಮಿಯಾ ಇರುವ ಮಕ್ಕಳು ಬೆಳಿಗ್ಗೆ ಬಂದು, ರಕ್ತ ಹಾಕಿಸಿಕೊಂಡು, ಸಂಜೆ ಊರಿಗೆ ಮರಳುವ ಜಾಗವಿದು. ನಡೆಸುತ್ತಿರುವುದು ಒಂದು ಸಣ್ಣ ಟ್ರಸ್ಟು. ಅದನ್ನು ಕಟ್ಟಿದವರು ಬಹುಪಾಲು ಇಂಥ ಮಕ್ಕಳ ತಂದೆತಾಯಿಗಳೇ. ಹೆಸರು ಹಾಕಬೇಡಿ ಎಂದರು. ಹಾಕಿದರೆ ಫೋನು ಹೆಚ್ಚಾಗುತ್ತವೆ, ಎತ್ತುವುದಕ್ಕೆ ಇರುವುದು ಒಬ್ಬರೇ ಎಂಬ ಕಾರಣವನ್ನೂ ಕೊಟ್ಟರು.

ಎಂಟು ಗಂಟೆಗೆಲ್ಲ ಪಡಸಾಲೆ ತುಂಬಿತ್ತು. ಚಪ್ಪಲಿ ಗೂಡಿನ ಪಕ್ಕದಲ್ಲೇ ಚೀಲಗಳ ರಾಶಿ: ಬುತ್ತಿ, ಹೊದಿಕೆ, ನೀರಿನ ಬಾಟಲಿ, ಒಂದೆರಡು ಶಾಲೆಯ ಬ್ಯಾಗು. ಗದಗ, ಕೊಪ್ಪಳ, ಹಾವೇರಿ ಕಡೆಯಿಂದ ನಸುಕಿನ ಬಸ್ಸು ಹಿಡಿದು ಬಂದವರಿದ್ದರು. ಆಸ್ಪತ್ರೆಯ ವರಾಂಡದಲ್ಲಿ ಕಾಣುವ ಗಾಬರಿ ಇಲ್ಲಿರಲಿಲ್ಲ. ಒಬ್ಬರಿಗೊಬ್ಬರು ಪರಿಚಯದವರು. ಈ ಸಲ ಮಳೆ ಹೇಗೆ, ಹೆಸರುಕಾಳಿಗೆ ಎಷ್ಟು ರೇಟು ಎಂಬ ಮಾತು ನಡೆದಿತ್ತು. ಎರಡು ಮೂರು ವಾರಕ್ಕೊಮ್ಮೆ, ವರ್ಷಗಟ್ಟಲೆ, ಇದೇ ಬೆಂಚಿನ ಮೇಲೆ ಕೂತವರು ಹೊಸಬರಾಗಿ ಉಳಿಯುವುದಾದರೂ ಹೇಗೆ?

ಮೊದಲ ಕೆಲಸ ತೂಕ. ಮೇಜಿನ ಹಿಂದಿದ್ದ ಹುಡುಗಿ ಒಬ್ಬೊಬ್ಬರನ್ನೇ ಕರೆದು, ತೂಕ, ಎತ್ತರ ಬರೆದುಕೊಂಡು, ಒಂದಿಷ್ಟು ರಕ್ತ ತೆಗೆದು ಸಣ್ಣ ಕೊಳವೆಗೆ ಹಾಕುತ್ತಿದ್ದಳು. ಪ್ರತಿ ಸಲವೂ ತೂಕ ಯಾಕೆ ಎಂದು ಕೇಳಿದೆ. ಎಷ್ಟು ರಕ್ತ ಹಾಕಬೇಕೆಂಬುದು ತೂಕದ ಲೆಕ್ಕ, ಕಿಲೋಗೆ ಸುಮಾರು 10ರಿಂದ 15 ಮಿಲಿಲೀಟರ್. ತೆಗೆದ ಮಾದರಿ ರಕ್ತನಿಧಿಗೆ ಹೋಗುತ್ತದೆ, ಅಲ್ಲಿ ಕ್ರಾಸ್ ಮ್ಯಾಚ್ ಆಗಿ ಹೊಂದುವ ರಕ್ತ ಬರಬೇಕು. ಅಷ್ಟರಲ್ಲಿ ಹಿಮೋಗ್ಲೋಬಿನ್ ಎಷ್ಟಿದೆಯೆಂದು ತಿಳಿಯುತ್ತದೆ. ‘ಎಂಟೂವರಿ ಪಾಯಿಂಟ್ ಐತಿ’ ಎಂದು ಒಬ್ಬಳು ತಾಯಿ ಪಕ್ಕದವಳಿಗೆ ಹೇಳಿದಳು. ‘ಹಂಗಾರ ನೀ ನಾಕು ದಿನ ತಡಾ ಮಾಡಿ ಬಂದಿ’ ಎಂದಳು ಅವಳು. ರಕ್ತ ಹಾಕುವ ಮುಂಚೆ ಒಂಬತ್ತರಿಂದ ಹತ್ತೂವರೆಯ ನಡುವೆ ಇರಬೇಕೆಂಬುದು ವೈದ್ಯರ ನಿಯಮ. ಆ ತಾಯಂದಿರಿಗೆ ಅದು ಬಾಯಿಪಾಠ.

ಕಾಯಿಲೆ ಏನೆಂದು ಗೊತ್ತಿಲ್ಲದವರಿಗೆ ಎರಡು ಮಾತು. ಈ ಮಕ್ಕಳ ಮೈಯಲ್ಲಿ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗುವುದಿಲ್ಲ, ಕೆಂಪು ರಕ್ತಕಣ ಬೇಗ ಒಡೆಯುತ್ತವೆ. ಹುಟ್ಟಿದಾಗ ಏನೂ ಕಾಣುವುದಿಲ್ಲ. ಆರು ತಿಂಗಳು, ವರ್ಷ ಕಳೆಯುತ್ತಿದ್ದಂತೆ ಕೂಸು ಬಿಳಿಚಿಕೊಳ್ಳುತ್ತದೆ, ಹಾಲು ಬಿಡುತ್ತದೆ, ಹೊಟ್ಟೆ ಉಬ್ಬುತ್ತದೆ. ಅಲ್ಲಿಂದ ಮುಂದೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಬೇರೆಯವರ ರಕ್ತ, ಬದುಕಿರುವವರೆಗೂ.

ಮೆಟ್ಟಿಲು ಹತ್ತಿದರೆ ಎಡಕ್ಕೆ ಒಂದು ಇಕ್ಕಟ್ಟಾದ ಕೋಣೆ. ನನ್ನನ್ನು ಇದರ ಮುಂದೆ ದಾಟಿಸಿ ವಾರ್ಡಿಗೆ ಕರೆದೊಯ್ಯುತ್ತಿದ್ದರು; ಒಳಗಿನ ಬಿಳಿ ಬೋರ್ಡು ಕಂಡು ನಾನೇ ನಿಂತೆ. ಬೋರ್ಡಿನ ಮೇಲೆ ಮುಂದಿನ ಹದಿನೈದು ದಿನಗಳ ಮನೆಗಳು. ಒಂದೊಂದು ಮನೆಯಲ್ಲೂ ಹೆಸರಿನ ಮೊದಲಕ್ಷರ, ರಕ್ತದ ಗುಂಪು, ಎಷ್ಟು ಬಾಟಲಿ. ಕೆಲವಕ್ಕೆ ಹಸಿರು ಟಿಕ್ಕು, ಕೆಲವಕ್ಕೆ ಕೆಂಪು ಸುತ್ತು. ಕೆಂಪು ಎಂದರೆ ಇನ್ನೂ ದಾನಿ ಸಿಕ್ಕಿಲ್ಲ. ಬೋರ್ಡಿನ ಎದುರು ನಡುವಯಸ್ಸಿನ ಹೆಂಗಸೊಬ್ಬರು ಎರಡು ಮೊಬೈಲು, ಒಂದು ದಪ್ಪ ರಿಜಿಸ್ಟರು ಇಟ್ಟುಕೊಂಡು ಕೂತಿದ್ದರು. ಫೋನು ಎತ್ತುವುದಕ್ಕೆ ಇರುವ ಆ ಒಬ್ಬರು ಇವರೇ.

‘ನಮಸ್ಕಾರ ಸರ್, ನೀವು ರಕ್ತಾ ಕೊಟ್ಟು ಮೂರು ತಿಂಗಳಾತ್ರಿ...’ ಎಂದು ಅವರು ಶುರು ಮಾಡುವ ರೀತಿಯನ್ನು ಬಹಳ ಹೊತ್ತು ಕೇಳಿಸಿಕೊಂಡೆ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಹದಿನೆಂಟು ತುಂಬಿರಬೇಕು, ತೂಕ 45 ಕಿಲೋಗೆ ಕಡಿಮೆ ಇರಬಾರದು, ಹಿಮೋಗ್ಲೋಬಿನ್ ಹನ್ನೆರಡೂವರೆ ಇರಬೇಕು. ಯಾರು ಯಾವಾಗ ಕೊಟ್ಟರು, ಯಾರಿಗೆ ಕಾಮಾಲೆ ಆಗಿತ್ತು, ಯಾರು ಹೊಸದಾಗಿ ಹಚ್ಚೆ ಹಾಕಿಸಿಕೊಂಡರು, ಎಲ್ಲ ಆ ರಿಜಿಸ್ಟರಿನಲ್ಲಿದೆ. ಅರ್ಧದಷ್ಟು ಅವರ ತಲೆಯಲ್ಲೂ ಇದ್ದಂತೆ ಕಂಡಿತು.

ಇಂಥ ರೋಗಿಗಳಿಗೆ ರಕ್ತಕ್ಕೆ ದುಡ್ಡು ತೆಗೆದುಕೊಳ್ಳಬಾರದು, ಬದಲಿಗೆ ರಕ್ತ ಕೊಡಿ ಎಂದು ಮನೆಯವರನ್ನು ಒತ್ತಾಯಿಸಬಾರದು ಎಂದು ನಿಯಮವಿದೆಯಲ್ಲ, ಮತ್ತೇಕೆ ಈ ಓಡಾಟ ಎಂದೆ. ‘ಪುಕ್ಕಟೆ ಕೊಡಾಕ ರಕ್ತ ಇರಬೇಕಲ್ರಿ’ ಎಂದರು. ಏಪ್ರಿಲ್, ಮೇ ಬಂತೆಂದರೆ ಕಾಲೇಜುಗಳಿಗೆ ರಜೆ, ಶಿಬಿರ ಇಲ್ಲ, ಬಿಸಿಲಿಗೆ ಯಾರೂ ಮುಂದೆ ಬರುವುದಿಲ್ಲ. ಮುಂಚೆಯೇ ಕೂಡಿಡೋಣವೆಂದರೆ ಕೆಂಪುಕಣ ಫ್ರಿಜ್ಜಿನಲ್ಲಿ ಹೆಚ್ಚೆಂದರೆ 42 ದಿನ ಉಳಿಯುತ್ತವೆ, ಅದೂ ಸೇರಿಸುವ ದ್ರಾವಣ ಒಳ್ಳೆಯದಾಗಿದ್ದರೆ. ಈ ಮಕ್ಕಳಿಗೆ ಎರಡು ವಾರದೊಳಗಿನ ರಕ್ತವೇ ಒಳ್ಳೆಯದು. ಹಳೆಯದಾದಷ್ಟೂ ಅದು ಮೈಯಲ್ಲಿ ಬಾಳುವ ದಿನ ಕಡಿಮೆ, ಅಂದರೆ ಮುಂದಿನ ಬಾಟಲಿ ಅಷ್ಟು ಬೇಗ ಬೇಕು. ಕೊನೆಯ ದಿನಾಂಕ ಹತ್ತಿರ ಬಂದ ಬಾಟಲಿಯನ್ನು ಮೊದಲು ಖಾಲಿ ಮಾಡಬೇಕೆನ್ನುವುದು ರಕ್ತನಿಧಿಯ ಲೆಕ್ಕ, ತಾಜಾ ಕೊಡಿ ಎನ್ನುವುದು ಇವರ ಲೆಕ್ಕ. ಇಬ್ಬರದೂ ಸರಿ. ಈ ಎಳೆದಾಟ ಹೇಗೆ ಬಗೆಹರಿಯುತ್ತದೆಂದು ನನಗೆ ಪೂರ್ತಿ ಹೊಳೆಯಲಿಲ್ಲ. ದಿನದಿನದ ಮಾತುಕತೆಯಲ್ಲಿ ಬಗೆಹರಿಯುತ್ತಿರಬೇಕು.

ಅಲ್ಲಿಂದ ವಾರ್ಡು. ಆರು ಮಂಚ, ಗೋಡೆಯುದ್ದಕ್ಕೂ ಹಿಂದಕ್ಕೆ ವಾಲುವ ಕುರ್ಚಿಗಳು. ಹತ್ತು ಗಂಟೆಯ ಸುಮಾರಿಗೆ ರಕ್ತನಿಧಿಯಿಂದ ತಂಪು ಪೆಟ್ಟಿಗೆ ಬಂತು. ನರ್ಸಮ್ಮ ಒಂದು ಬ್ಯಾಗು ಕೈಗೆತ್ತಿಕೊಂಡು ಹೆಸರು, ಗುಂಪು, ಬ್ಯಾಗಿನ ನಂಬರು ಜೋರಾಗಿ ಓದಿದರು, ಇನ್ನೊಬ್ಬರು ಮಗುವಿನ ಕಾರ್ಡು ನೋಡಿಕೊಂಡು ಅದನ್ನೇ ಮತ್ತೆ ಓದಿದರು. ಮಗುವನ್ನೂ ಬಿಡಲಿಲ್ಲ. ‘ನಿನ್ನ ಗುಂಪು ಯಾವುದಪ್ಪಾ?’ ಎಂದರೆ ಒಂದನೇ ಕ್ಲಾಸಿನ ಹುಡುಗ ‘ಬಿ ಪಾಸಿಟಿವ್’ ಎಂದು ಮಗ್ಗಿ ಒಪ್ಪಿಸುವಂತೆ ಒಪ್ಪಿಸಿದ. ಮೊದಲ ಕಾಲು ಗಂಟೆ ಹನಿ ಬಹಳ ನಿಧಾನ. ಚಳಿ, ಜ್ವರ, ತುರಿಕೆ ಏನಾದರೂ ಬಂದರೆ ಆಗಲೇ ಬರುವುದು ಹೆಚ್ಚು. ಆಮೇಲೆ ಸ್ವಲ್ಪ ವೇಗ. ಫ್ರಿಜ್ಜಿನಿಂದ ಹೊರಬಂದ ಬ್ಯಾಗು ನಾಲ್ಕು ಗಂಟೆಯೊಳಗೆ ಮುಗಿಯಬೇಕು.

ಬ್ಯಾಗಿಗೂ ಮಗುವಿನ ಕೈಗೂ ನಡುವೆ ಕೊಳವೆಯಲ್ಲಿ ಅಂಗೈಗಿಂತ ಚಿಕ್ಕದಾದ ಒಂದು ಬಿಳಿ ಡಬ್ಬಿ ತೂಗುತ್ತಿತ್ತು. ಅದು ಫಿಲ್ಟರು. ದಾನಿಯ ರಕ್ತದಲ್ಲಿರುವ ಬಿಳಿಕಣಗಳನ್ನು ತಡೆಹಿಡಿಯುತ್ತದೆ. ಅದು ಇದ್ದರೆ ಚಳಿಜ್ವರ ಕಡಿಮೆ. ಒಮ್ಮೆ ಬಳಸಿದರೆ ಮುಗಿಯಿತು, ಎಸೆಯಬೇಕು. ಪ್ರತಿ ಮಗುವಿಗೂ ಪ್ರತಿ ಸಲವೂ ಹೊಸದು.

ಮೂಲೆಯಲ್ಲಿ ಎರಡು ಗಾಲಿಕುರ್ಚಿಗಳಿದ್ದವು, ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ. ಬೆನ್ನಿಗೆ ದಾನಿಗಳ ಹೆಸರು ಬರೆಸಿತ್ತು. ಇಲ್ಲಿನ ಮಕ್ಕಳು ಓಡಿಕೊಂಡು ಬರುತ್ತಾರೆ, ಓಡಿಕೊಂಡು ಹೋಗುತ್ತಾರೆ. ಯಾರೋ ಹುಟ್ಟುಹಬ್ಬದ ನೆಪದಲ್ಲಿ ಪ್ರೀತಿಯಿಂದಲೇ ತಂದುಕೊಟ್ಟಿರಬೇಕು. ಅವುಗಳ ಮೇಲೆ ಈಗ ಒಗೆದ ಬೆಡ್‌ಶೀಟು ಮಡಚಿಡುತ್ತಾರೆ.

ರಕ್ತ ಇಳಿಯುತ್ತಿದ್ದಂತೆ ವಾರ್ಡಿನ ಸದ್ದು ಹೆಚ್ಚಾಯಿತು. ಟಿವಿಯಲ್ಲಿ ಕಾರ್ಟೂನೋ ಕ್ರಿಕೆಟ್ಟೋ ಎಂಬ ಜಗಳ. ಒಬ್ಬ ಹುಡುಗ ಸೂಜಿ ಚುಚ್ಚದ ಕೈಯಲ್ಲಿ ಭೂಪಟಕ್ಕೆ ಬಣ್ಣ ತುಂಬುತ್ತಿದ್ದ. ನೋಡಿದರೆ ಹತ್ತು ಹನ್ನೊಂದರ ಮೈಕಟ್ಟು, ಕಾರ್ಡಿನಲ್ಲಿ ಹದಿನೈದು. ಕಬ್ಬಿಣಾಂಶ ಹೆಚ್ಚಾಗಿ ಗ್ರಂಥಿಗಳಲ್ಲಿ ಕೂತರೆ ಬೆಳವಣಿಗೆ ಕುಂಠಿತವಾಗುತ್ತದೆ. ಅವನ ತಾಯಿಗೆ ಅದಕ್ಕಿಂತ ಹೆಚ್ಚು ಬೇಸರ ನೆಂಟರ ಮೇಲೆ. ‘ಬಂದವರೆಲ್ಲಾ ಬೀಟ್‌ರೂಟ್ ತಿನ್ನಸ್ರಿ, ಖರ್ಜೂರ ತಿನ್ನಸ್ರಿ, ರಕ್ತ ಆಕ್ಕೈತಿ ಅಂತಾರ. ಕಬ್ಬಿಣದ ಟಾನಿಕ್ ತಂದುಕೊಟ್ಟವರೂ ಅದಾರ. ಬ್ಯಾಡಂದ್ರ ಸಿಟ್ಟಿಗೇಳತಾರ.’

ಬೇಡ ಎನ್ನುವುದೇಕೆಂದು ಪಕ್ಕದ ಔಷಧಿ ಕಿಟಕಿಯಲ್ಲಿ ತಿಳಿಯಿತು. ಒಂದು ಬಾಟಲಿ ರಕ್ತದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣವಿರುತ್ತದೆ. ದೊಡ್ಡವರ ದೇಹ ದಿನಕ್ಕೆ ಹೊರಹಾಕುವುದು ಸುಮಾರು ಒಂದು ಮಿಲಿಗ್ರಾಂ. ಅಂದರೆ ಏಳೆಂಟು ತಿಂಗಳಲ್ಲಿ ಹೋಗಬೇಕಾದಷ್ಟು ಕಬ್ಬಿಣ ಒಂದೇ ದಿನ ಒಳಗೆ ಬರುತ್ತದೆ. ಉಳಿದದ್ದು ಹೃದಯ, ಯಕೃತ್ತುಗಳಲ್ಲಿ ಕೂರುತ್ತದೆ. ಬದುಕಿಸುವ ರಕ್ತವೇ ನಿಧಾನಕ್ಕೆ ಹಾನಿ ಮಾಡುತ್ತದೆ, ಅದನ್ನು ತೆಗೆಯಲು ದಿನಾ ಔಷಧಿ. ನೀರಿನಲ್ಲಿ ಕರಗಿಸಿ ಬರಿಹೊಟ್ಟೆಯಲ್ಲಿ ಕುಡಿಯುವ ಮಾತ್ರೆ ಕೆಲವರಿಗೆ. ಇನ್ನು ಕೆಲವರಿಗೆ ರಾತ್ರಿ ಹೊಟ್ಟೆಯ ಚರ್ಮಕ್ಕೆ ಸಣ್ಣ ಸೂಜಿ ಚುಚ್ಚಿ, ಅಂಗೈಯಗಲದ ಪಂಪು ಕಟ್ಟಿಕೊಂಡು ಎಂಟು ಹತ್ತು ಗಂಟೆ ಮಲಗುವುದು, ವಾರಕ್ಕೆ ಐದು ರಾತ್ರಿ. ಹದಿಹರೆಯಕ್ಕೆ ಬಂದ ಮಕ್ಕಳು ಇದನ್ನು ತಪ್ಪಿಸುವುದೇ ಹೆಚ್ಚು ಎಂದು ಔಷಧಿ ಕೊಡುವವರು ಹೇಳಿದರು. ತಪ್ಪಿಸಿದರೆ ಮರುದಿನ ಏನೂ ಆಗುವುದಿಲ್ಲ, ಅದೇ ತೊಂದರೆ. ಆಮೇಲೆ, ಮೈಯಲ್ಲಿ ಎಷ್ಟು ಕಬ್ಬಿಣ ಕೂತಿದೆಯೆಂದು ಹೇಳುವ ಫೆರಿಟಿನ್ ರಿಪೋರ್ಟು ಬಂದಾಗ ಗೊತ್ತಾಗುತ್ತದೆ. ಖಾಲಿ ಮಾತ್ರೆಪಟ್ಟಿ ತಂದು ತೋರಿಸಿದರೆ ಮಾತ್ರ ಹೊಸದು ಕೊಡುತ್ತಾರೆ. ಮಾತ್ರೆ ಕಿತ್ತು ಎಸೆದು ಖಾಲಿ ಪಟ್ಟಿ ತರುವ ಜಾಣರೂ ಇದ್ದಾರಂತೆ.

ಮುಂದಿನ ಕೋಣೆಯ ಬಾಗಿಲು ಮುಚ್ಚಿತ್ತು. ಆಪ್ತಸಲಹೆಯ ಕೋಣೆ, ಒಂದು ಕುಟುಂಬ ಹೊರಬಂದ ಮೇಲೆ ಒಳಗೆ ಕೂತೆ. ಮೇಜಿನ ಮೇಲೆ ಚೌಕ, ವೃತ್ತಗಳ ವಂಶವೃಕ್ಷ, ಕೆಲವು ಅರ್ಧ ಕಪ್ಪು. ಅರ್ಧ ಕಪ್ಪು ಎಂದರೆ ಮೈನರ್: ದೋಷದ ಒಂದು ಪ್ರತಿ ಇದೆ, ಕಾಯಿಲೆ ಇಲ್ಲ. ದೇಶದಲ್ಲಿ ನೂರಕ್ಕೆ ಮೂರು ನಾಲ್ಕು ಜನ ಹೀಗಿದ್ದಾರೆ, ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಮೈನರ್ ಆಗಿದ್ದರೆ ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು. ‘ಮೊದಲನೇದಕ್ಕೆ ಆಗಿದೆ, ಇನ್ನು ಮೂರಕ್ಕೆ ಆಗಲ್ಲ’ ಎಂದು ಲೆಕ್ಕ ಹಾಕುವವರು ಈಗಲೂ ಬರುತ್ತಾರಂತೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವ ನಮ್ಮ ಕಡೆಯ ಪದ್ಧತಿಯಲ್ಲಿ ಒಂದೇ ಮನೆತನದ ದೋಷ ಎರಡು ಕಡೆಯಿಂದಲೂ ಬಂದು ಕೂಡುವುದು ಸುಲಭ. ಎಚ್‌ಬಿ ಎ2 ಎಂಬ ಒಂದು ರಕ್ತಪರೀಕ್ಷೆಯಲ್ಲಿ ಮೈನರ್ ಹೌದೋ ಅಲ್ಲವೋ ಬಹುಮಟ್ಟಿಗೆ ತಿಳಿಯುತ್ತದೆ. ಬಸುರಿಯಾದ ಹತ್ತು ಹನ್ನೆರಡು ವಾರಕ್ಕೆ ಕೂಸನ್ನೂ ಪರೀಕ್ಷಿಸಬಹುದು. ಹಾಗಾದರೆ ಮಗುವಿನ ಚಿಕ್ಕಮ್ಮ, ಕಾಕಾ ಎಲ್ಲ ಬಂದು ಪರೀಕ್ಷೆ ಮಾಡಿಸಿಕೊಳ್ಳುತ್ತಾರೆಯೇ? ಕಡಿಮೆ. ಮದುವೆಯಾಗದ ಹುಡುಗಿಯ ರಿಪೋರ್ಟು ಊರಿಗೆ ಗೊತ್ತಾದರೆ ಸಂಬಂಧ ತಪ್ಪುತ್ತದೆಂಬ ಭಯ. ಆ ಭಯ ಸುಳ್ಳೆಂದು ಹೇಳಲು ನನಗೆ ಧೈರ್ಯವಾಗಲಿಲ್ಲ.

ಪೂರ್ತಿ ಗುಣವಾಗುವ ದಾರಿ ಅಸ್ಥಿಮಜ್ಜೆ ಕಸಿ. ಒಡಹುಟ್ಟಿದವರದು ಹೊಂದುವ ಸಾಧ್ಯತೆ ಅಲ್ಲೂ ನಾಲ್ಕರಲ್ಲಿ ಒಂದು. ಖರ್ಚು ಲಕ್ಷಗಳಲ್ಲಿ.

ಅದೇ ಕೋಣೆಯ ಇನ್ನೊಂದು ಮೇಜಿನಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಅಂಗವೈಕಲ್ಯ ಪ್ರಮಾಣಪತ್ರದ ಅರ್ಜಿ ತುಂಬುತ್ತಿದ್ದಳು. 2016ರ ಕಾಯಿದೆ ಅಂಗವೈಕಲ್ಯದ ಪಟ್ಟಿಯನ್ನು 21ಕ್ಕೆ ಏರಿಸಿದಾಗ ಥಲಸ್ಸೇಮಿಯಾ, ಹಿಮೊಫಿಲಿಯಾ, ಸಿಕಲ್ ಸೆಲ್ ಮೂರೂ ಅದರಲ್ಲಿ ಸೇರಿದವು. ಶೇಕಡಾ 40ಕ್ಕೆ ಕಡಿಮೆಯಿಲ್ಲ ಎಂದು ಪತ್ರ ಸಿಕ್ಕರೆ ಉನ್ನತ ಶಿಕ್ಷಣದ ಶೇಕಡಾ 5 ಮೀಸಲಾತಿಗೆ ಅರ್ಹತೆ. ಸರ್ಕಾರಿ ನೌಕರಿಯ ಶೇಕಡಾ 4ರ ಮೀಸಲಾತಿ ಪಟ್ಟಿಯಲ್ಲಿ ಮಾತ್ರ ಈ ರಕ್ತದ ಕಾಯಿಲೆಗಳಿಲ್ಲ. ಓದಿಸಿ ಕೈಬಿಡುವ ಈ ಏರ್ಪಾಟು ನನಗೆ ಅರ್ಥವಾಗಲಿಲ್ಲ. ಆ ಹುಡುಗಿ ಬಿ.ಕಾಂ. ಓದುತ್ತಿದ್ದಾಳೆ. ತಿಂಗಳಿಗೆ ಎರಡು ದಿನ ರಜೆ ಕೊಡುವ ಕೆಲಸ ಬೇಕು, ಅಷ್ಟೇ ಎಂದಳು.

ಕೊನೆಗೆ ಕೆಳಗಿನ ಲೆಕ್ಕದ ಕೋಣೆ. ಗೋಡೆಯ ತುಂಬ ಕಲ್ಲಿನ ಫಲಕಗಳು: ಮಂಚ ಕೊಟ್ಟವರು, ಫ್ಯಾನು ಕೊಟ್ಟವರು, ನೀರಿನ ಯಂತ್ರ ಕೊಟ್ಟವರು. ಲೆಕ್ಕ ನೋಡುವ ಹಿರಿಯರು ನಿವೃತ್ತರು, ಸಂಬಳವಿಲ್ಲದೆ ಬರುತ್ತಾರೆ. ಅತಿ ಹೆಚ್ಚು ಖರ್ಚು ಯಾವುದಕ್ಕೆ ಎಂದರೆ ಫಿಲ್ಟರು, ಫೆರಿಟಿನ್ ಪರೀಕ್ಷೆ, ಮೇಲೆ ಫೋನ್ ಮಾಡುವವರ ಸಂಬಳ ಎಂದರು. ಈ ಮೂರಕ್ಕೂ ಗೋಡೆಯ ಮೇಲೆ ಫಲಕವಿಲ್ಲ. ಎಸೆದುಬಿಡುವ ವಸ್ತುವಿಗೆ, ಒಂದು ಫೋನ್ ಕರೆಗೆ ಹೆಸರು ಕೆತ್ತಿಸುವುದಾದರೂ ಎಲ್ಲಿ? ದಾನ ಕೊಡುವವರನ್ನು ದೂರಲು ಅವರಿಗೆ ಮನಸ್ಸಿಲ್ಲ. ‘ಬಂದದ್ದು ಬ್ಯಾಡ ಅನ್ನಾಕ ಆಗೂದಿಲ್ರಿ. ಗಾಲಿಕುರ್ಚಿ ಬ್ಯಾಡ ಅಂದ್ರ ಮುಂದಿನ ವರ್ಷ ಅವರು ಬರೂದ ಇಲ್ಲ’ ಎಂದರು. ತಿಂಗಳಿಗೆ ಇಷ್ಟು ಎಂದು ತಪ್ಪದೆ ಕೊಡುವವರು ಕೆಲವರಿದ್ದಾರೆ, ಹೆಚ್ಚಿನವರು ಹಳೇ ರೋಗಿಗಳ ಮನೆಯವರೇ. ಮಗು ಹೋದ ಮೇಲೂ ಕೊಡುವುದನ್ನು ನಿಲ್ಲಿಸದ ಎರಡು ಮನೆಗಳಿವೆ ಎಂದರು. ಅದರ ಬಗ್ಗೆ ಮುಂದೆ ಕೇಳಲು ಬಾಯಿ ಬರಲಿಲ್ಲ.

ಫಿಲ್ಟರು ಕಳಿಸುವವರಿಗೆ ಹಿಂದಿನ ಬಾಕಿ ಹಾಗೇ ಇತ್ತು. ಚೆಕ್ ಬುಕ್ಕು ತೆಗೆದು ಎರಡು ಸಲ ಲೆಕ್ಕ ಕೂಡಿಸಿ, ಅರ್ಧ ಮೊತ್ತಕ್ಕೆ ಬರೆದರು. ಉಳಿದದ್ದು ಹತ್ತನೇ ತಾರೀಖಿನ ಮೇಲೆ ಎಂದು ಹಿಂಬದಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು, ಬ್ಯಾಂಕು ಮುಚ್ಚುವುದರೊಳಗೆ ಹೋಗಬೇಕೆಂದು ಎದ್ದರು.