ಮೈಕ್ ಕೊಳ್ಳುವ ಮೊದಲು ಒಮ್ಮೆ ಚಪ್ಪಾಳೆ ತಟ್ಟಿ

‘ಪಾಡ್‌ಕಾಸ್ಟ್ ಶುರು ಮಾಡ್ತಿದ್ದೀನಿ, ಯಾವ ಮೈಕ್ ತಗೊಳ್ಳಲಿ?’ ಈಗೀಗ ನನಗೆ ಹೆಚ್ಚು ಬರೋ ಪ್ರಶ್ನೆ ಇದು. ರಾಜಕೀಯ ಎರಡನೇ ಸ್ಥಾನಕ್ಕೆ ಹೋಗಿದೆ! ನನ್ನ ಮರುಪ್ರಶ್ನೆ ಒಂದೇ: ಯಾವ ಕೋಣೆಯಲ್ಲಿ ರೆಕಾರ್ಡ್ ಮಾಡ್ತೀರಿ?

ಆ ಕೋಣೆಯ ನಡುವೆ ನಿಂತು ಚಪ್ಪಾಳೆ ತಟ್ಟಿ. ಸದ್ದಿಗೆ ‘ಝಣ್’ ಅಂತ ಬಾಲ ಬಂದರೆ, ಅದು ಗೋಡೆ, ಟೈಲ್ಸ್, ಗಾಜಿಗೆ ಬಡಿದು ವಾಪಸ್ ಬರುತ್ತಿರುವ ಪ್ರತಿಧ್ವನಿ. ನಿಮ್ಮ ಪ್ರತಿ ಮಾತಿಗೂ ಅದು ಅಂಟಿಕೊಳ್ಳುತ್ತೆ. ದುಬಾರಿ ಮೈಕ್ ಅದನ್ನು ಅಳಿಸಲ್ಲ, ಇನ್ನೂ ಸ್ಪಷ್ಟವಾಗಿ ಹಿಡಿಯುತ್ತೆ. ದಪ್ಪ ಪರದೆ, ಹಾಸಿಗೆ, ಬಟ್ಟೆ ತುಂಬಿದ ಬೀರು ಇರೋ ಮಲಗುವ ಕೋಣೆಯೇ ವಾಸಿ.

ಎರಡನೆಯದು ದೂರ. ಬಾಯಿಗೂ ಮೈಕಿಗೂ ಇರುವ ಅಂತರ ದುಪ್ಪಟ್ಟಾದರೆ ನಿಮ್ಮ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತೆ. ಕೋಣೆಯ ಪ್ರತಿಧ್ವನಿ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತೆ. ಅದಕ್ಕೇ ಮೈಕ್ ಒಂದು ಗೇಣಿನೊಳಗೆ ಇರಲಿ.

ಇನ್ನು ಮೈಕ್. ಕಂಡೆನ್ಸರ್ ಸೂಕ್ಷ್ಮ, ಸ್ಟುಡಿಯೋ ಮಾದರಿಗೆ ಸಾಮಾನ್ಯವಾಗಿ 48 ವೋಲ್ಟ್ ಕೊಡಬೇಕು, ಬೀದಿಯ ಹಾರ್ನನ್ನೂ ಬಿಡಲ್ಲ. ಆಯಸ್ಕಾಂತದಲ್ಲಿ ಸುರುಳಿ ಅಲುಗಾಡಿ ಕೆಲಸ ಮಾಡುವ ಡೈನಮಿಕ್ ಮೈಕ್ ಸ್ವಲ್ಪ ಮಂದ. ನಮ್ಮ ಗದ್ದಲದ ಮನೆಗಳಿಗೆ ಆ ಮಂದತನವೇ ವರ. ಪಾಡ್‌ಕಾಸ್ಟ್‌ಗಳಲ್ಲಿ ಎಲ್ಲೆಲ್ಲೂ ಕಾಣೋ ಶೂರ್ ಎಸ್‌ಎಂ7ಬಿ ಈ ಜಾತಿಯದು. 1982ರ ‘ಥ್ರಿಲ್ಲರ್’ ಆಲ್ಬಮ್ಮಿಗೆ ಮೈಕಲ್ ಜಾಕ್ಸನ್ ಹಾಡಿದ್ದು ಇದರ ಹಿಂದಿನ ಅವತಾರ ಎಸ್‌ಎಂ7 ಮುಂದೆ. ಆದರೆ ಅದಕ್ಕೆ ಸುಮಾರು 60 ಡೆಸಿಬೆಲ್ ವರ್ಧನೆ ಬೇಕು. ಅಗ್ಗದ ಇಂಟರ್‌ಫೇಸಿಗೆ ಸಿಕ್ಕಿಸಿದರೆ ‘ಸ್ಸ್’ ಸದ್ದೂ ಜೊತೆಗೆ ಏರಬಹುದು. ಒಬ್ಬರೇ ಮಾತಾಡೋದಾದ್ರೆ ಯುಎಸ್‌ಬಿ ಇರುವ ಸಾಧಾರಣ ಡೈನಮಿಕ್ ಮೈಕ್ ಸಾಕು. ಇಬ್ಬರಿದ್ದರೆ ಎರಡು ಮೈಕ್, ಎರಡು ಪ್ರತ್ಯೇಕ ಟ್ರ್ಯಾಕ್. ಇಲ್ಲಿ ಮಾತ್ರ ಜುಗ್ಗತನ ಬೇಡ.

ನೀವೇ ಮಾತಾಡಿದ್ದು ಕೆಟ್ಟರೆ ನಾಳೆ ಮತ್ತೆ ಮಾಡಬಹುದು. ಆದರೆ ಎಷ್ಟೋ ಜನ ಅಜ್ಜಿಯ ಕಥೆ, ಸೋಬಾನೆ ಪದ, ಊರಿನ ಮಾತು ಉಳಿಸೋಕೆ ಹೊರಟಿರ್ತಾರೆ. ಎಂಬತ್ತು ದಾಟಿದವರು ಇವತ್ತು ಹೇಳಿದ ಹಾಗೇ ಮುಂದಿನ ವಾರ ಹೇಳ್ತಾರೆ ಅನ್ನೋ ಖಾತ್ರಿ ಎಲ್ಲಿದೆ? ಅವರಿಗೆ ‘ಮೈಕ್ ಹತ್ತಿರ ಬಾಯಿಡಿ’ ಅನ್ನಬೇಡಿ. ನಾವು ಆ್ಯಂಕರ್‌ಗಳು ಹಾಕಿಕೊಳ್ಳುವಂಥ ಕಾಲರ್ ಮೈಕನ್ನು ಸೆರಗಿಗೆ ಸಿಕ್ಕಿಸಿ, ಮರೆತುಬಿಡ್ತಾರೆ. ಮಟ್ಟ ಮೈನಸ್ 12 ಡೆಸಿಬೆಲ್ ಆಸುಪಾಸು ಇರಲಿ. ಸದ್ದು ಮಿತಿ ಮೀರಿ ಒಡೆದರೆ ಯಾವ ಸಾಫ್ಟ್‌ವೇರೂ ಪೂರ್ತಿ ಸರಿಮಾಡಲ್ಲ. ಅರ್ಧ ನಿಮಿಷ ರೆಕಾರ್ಡ್ ಮಾಡಿ, ಹೆಡ್‌ಫೋನಲ್ಲಿ ಕೇಳಿ, ಆಮೇಲೆ ಮುಂದುವರಿಯಿರಿ. ಫ್ಯಾನ್ ಆಫ್ ಇರಲಿ. ಸೆಖೆ ಅಂದ್ರೆ ಬೆಳಗ್ಗೆ ಆರಕ್ಕೇ ಕೂರಿಸಿ, ಅಜ್ಜಿ ಹೇಗೂ ಅಷ್ಟೊತ್ತಿಗೆ ಎದ್ದಿರ್ತಾರೆ.