ಬಡಗಿ ಅಂಗಡಿಗೊಂದು ಚಕ್ರದ ಕಪಾಟು

ನಗರದ ಯಾವ ಬಡಾವಣೆಗೆ ಹೋದರೂ ಒಂದು ಶಟರ್‌ನ ಬಡಗಿ ಅಂಗಡಿ ಸಿಗುತ್ತದೆ. 10 ಅಡಿ ಅಗಲ, 20 ಅಡಿ ಉದ್ದ. ಅಷ್ಟರಲ್ಲೇ ಗರಗಸದ ಮೆಷಿನ್ನು, ಕೆಲಸದ ಮೇಜು, ಗೋಡೆಗೆ ಒರಗಿಸಿದ ಪ್ಲೈವುಡ್, ಅರ್ಧ ಮುಗಿದ ಬಾಗಿಲು. ಉಳಿ, ಕೊಡತಿ, ಮೂಲೆಮಟ್ಟಗಳು ಎಲ್ಲೋ ಗೋಣಿಚೀಲದಲ್ಲಿ, ಪೇಂಟ್ ಡಬ್ಬದಲ್ಲಿ, ಹೊಟ್ಟಿನ ಅಡಿಯಲ್ಲಿ. ಎಲ್ಲ ಸಾಮಾನೂ ಒಟ್ಟಿಗೆ ಕಣ್ಣಿಗೆ ಬೀಳುವುದು ಆಯುಧಪೂಜೆಯ ದಿನ ಮಾತ್ರ.

ಗೋಡೆಗೆ ಹಲಗೆ ಬಡಿದು ಸಾಲಾಗಿ ನೇತುಹಾಕಬಹುದಲ್ಲ ಎಂದರೆ, ಗೋಡೆ ಬಾಡಿಗೆಯದು. ಮೊಳೆ ಹೊಡೆಯಲು ಮಾಲೀಕರು ಬಿಡುವುದಿಲ್ಲ. ಅಮೆರಿಕದ ಪಿಯಾನೊ ತಯಾರಕ ಎಚ್. ಒ. ಸ್ಟಡ್ಲಿ ಸುಮಾರು 300 ಉಪಕರಣ ಹಿಡಿಸುವ ಗೋಡೆಪೆಟ್ಟಿಗೆ ಮಾಡಿಕೊಂಡಿದ್ದ. ಮರಗೆಲಸದವರು ಇಂದಿಗೂ ಅದರ ಚಿತ್ರ ನೋಡಿ ಬೆರಗಾಗುತ್ತಾರೆ. ಚೆಂದವೇನೋ ಹೌದು, ಆದರೆ ಅದು ಗೋಡೆ ಬಿಟ್ಟು ಕದಲುವಂಥದ್ದಲ್ಲ. ನಮ್ಮ ಅಂಗಡಿಗಳಲ್ಲಿ ಬೆಳಗ್ಗೆ ಕೆಲಸ ಹೊರಗಿನ ಜಗಲಿಗೆ ಬರುತ್ತದೆ, ಮಳೆ ಬಂದರೆ ಒಳಗೆ ಓಡುತ್ತದೆ. ಸಾಮಾನೂ ಅದರ ಹಿಂದೆಯೇ ಓಡಬೇಕು. ಗ್ಯಾರೇಜಿನವರ ಸ್ಟೀಲ್ ಟ್ರಾಲಿ ಕೊಳ್ಳಬಹುದು, ಆದರೆ ಮರದ ಕೆಲಸ ಬಲ್ಲವರಿಗೆ ಅದು ದಂಡದ ಖರ್ಚು.

ಅದರ ಬದಲು ಚಕ್ರದ ಕಪಾಟೊಂದನ್ನು ತಾವೇ ಮಾಡಿಕೊಳ್ಳಬಹುದು. 8x4 ಅಡಿಯ, 18 ಮಿ.ಮೀ. ದಪ್ಪದ ಒಂದು ಪ್ಲೈ ಶೀಟು ಸಾಕು. 48 ಇಂಚು ಅಗಲವನ್ನು ಉದ್ದುದ್ದ ಮೂರು ಪಟ್ಟಿ ಸೀಳಿದರೆ ಒಂದೊಂದೂ 16 ಇಂಚು ಎಂಬುದು ಕಾಗದದ ಲೆಕ್ಕ. ಗರಗಸದ ಹಲ್ಲು ಪ್ರತಿ ಸೀಳಿಗೂ ಸುಮಾರು 3 ಮಿ.ಮೀ. ತಿನ್ನುತ್ತದೆ. ಆದ್ದರಿಂದ ಕಪಾಟಿನ ಆಳವನ್ನು ಮೊದಲೇ 15¾ ಇಂಚಿಗೆ ಇಳಿಸಿಕೊಳ್ಳಬೇಕು. ಎರಡು ಪಟ್ಟಿಗಳಲ್ಲಿ 30 ಇಂಚಿನ ಎರಡು ಪಕ್ಕ, 24 ಇಂಚಿನ ಮೇಲು-ಕೆಳ ಹಲಗೆ, ನಡುವಿನ ತಟ್ಟು ಎಲ್ಲವೂ ಹೊರಡುತ್ತವೆ. ಮೂರನೆಯದು ಡ್ರಾಯರ್‌ಗಳ ಮುಖಕ್ಕೆ. ಡ್ರಾಯರ್‌ನ ಮೈಗೆ ಅಂಗಡಿಯಲ್ಲೇ ಬಿದ್ದಿರುವ ಚೂರುಪಾರು, ಹಿಂಬದಿಗೆ 6 ಮಿ.ಮೀ. ಪ್ಲೈ. ಹಿಂಬದಿ ಬೇಡವೆಂದು ಕೈಬಿಡಬೇಡಿ. ನಾಲ್ಕು ಮೂಲೆ ಓರೆಯಾಗದಂತೆ ಹಿಡಿದಿಡುವುದೇ ಅದು.

ಉಳಿತಾಯ ಮಾಡಬಾರದ ಜಾಗ ಚಕ್ರ. ಕುರ್ಚಿಯ ಪುಟ್ಟ ಪ್ಲಾಸ್ಟಿಕ್ ಚಕ್ರ ಹಾಕಿದರೆ ಒಂದು ಸ್ಕ್ರೂ, ಒಂದು ಚಕ್ಕೆ ಅಡ್ಡ ಬಂದರೂ ಗಾಡಿ ಮುಗ್ಗರಿಸುತ್ತದೆ. 3 ಇಂಚಿನವು ಬೇಕು, ಅದರಲ್ಲಿ ಎರಡಕ್ಕಾದರೂ ಬ್ರೇಕ್ ಇರಲಿ. ಒಂದೊಂದು ಚಕ್ರ ಹೊರಬೇಕಾದ ಭಾರದ ಲೆಕ್ಕಕ್ಕೂ ಒಂದು ಗುಟ್ಟಿದೆ: ಕಪಾಟು, ಸಾಮಾನು ಎರಡರ ತೂಕವನ್ನು ನಾಲ್ಕರಿಂದಲ್ಲ, ಮೂರರಿಂದ ಭಾಗಿಸಬೇಕು. ತಗ್ಗುದಿಣ್ಣೆಯ ಸಿಮೆಂಟ್ ನೆಲದಲ್ಲಿ ಒಂದು ಚಕ್ರ ಆಗಾಗ ಗಾಳಿಯಲ್ಲೇ ಇರುತ್ತದೆ. ಚಕ್ರಕ್ಕೆ ಸ್ಕ್ರೂ ಸಾಲದು, ಆರಪಾರ ಬೋಲ್ಟ್ ಹಾಕಿ. ಚಕ್ರಗಳ ಎತ್ತರವನ್ನೂ ಸೇರಿಸಿ ಕಪಾಟನ್ನು ಮೇಜಿನ ಮಟ್ಟಕ್ಕೆ ನಿಲ್ಲಿಸಿದರೆ, ಉದ್ದದ ಹಲಗೆ ಕೊಯ್ಯುವಾಗ ಅದರ ತುದಿಗೆ ಆಸರೆಯೂ ಆಯಿತು.

ಡ್ರಾಯರ್‌ಗೆ ಟೆಲಿಸ್ಕೋಪಿಕ್ ಚಾನೆಲ್ ಹಾಕಿದರೆ ನುಣ್ಣಗೆ ಜಾರುತ್ತದೆ, ಜೇಬೂ ನುಣ್ಣಗಾಗುತ್ತದೆ. ಗಟ್ಟಿಮರದ ರೀಪು ಬಡಿದು ಮೇಣದಬತ್ತಿ ಉಜ್ಜಿದರೆ ಸಾಕು. ಡ್ರಾಯರ್ ಆಳ ಇದ್ದಷ್ಟೂ ಒಂದರ ಮೇಲೊಂದು ಬಿದ್ದು ಅಡಿಯದ್ದು ಕೈಗೆ ಸಿಗುವುದಿಲ್ಲ. ಮೇಲಿನವು 3 ಇಂಚು ಇದ್ದರೆ ಧಾರಾಳ. ಉಳಿಗಳಿಗೆ ಒಂದೊಂದು ಕಚ್ಚು ಕೊಟ್ಟರೆ ಬಾಯಿ ಬಾಯಿ ತಾಗಿ ಮೊಂಡಾಗುವುದಿಲ್ಲ. ಡ್ರಿಲ್, ಪಟ್ಟುಗಳಂಥ ಭಾರದವು ತಳಕ್ಕೇ ಹೋಗಲಿ, ಇಲ್ಲವಾದರೆ ಮೇಲಿನ ಎರಡು ಡ್ರಾಯರ್ ಒಟ್ಟಿಗೆ ಎಳೆದ ದಿನ ಕಪಾಟು ಮುಗುಚುತ್ತದೆ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಉಕ್ಕಿಗೆ ತೆಳ್ಳಗೆ ಮೆಷಿನ್ ಎಣ್ಣೆ ಸವರಿಟ್ಟರೆ ತುಕ್ಕಿನ ಕಾಟ ತಪ್ಪುತ್ತದೆ.

ಎಲ್ಲ ಡ್ರಾಯರನ್ನೂ ಒಂದೇ ಉಸಿರಿಗೆ ಮಾಡಲು ಹೋಗಬೇಡಿ. ಚೌಕಟ್ಟು, ಚಕ್ರ, ಒಂದು ತಟ್ಟು ಸಿದ್ಧವಾದರೆ ಕೆಲಸಕ್ಕೆ ಇಳಿಸಿ. ದಿನವೂ ಕೈ ಯಾವುದಕ್ಕೆ ಹೋಗುತ್ತದೆಂದು ಗೊತ್ತಾದ ಮೇಲೆ ಉಳಿದವನ್ನು ಅಳತೆ ನೋಡಿ ಕೂರಿಸಿ.